‘ಸಾರ್ವಜನಿಕ ಹಿತದೃಷ್ಟಿಯಿಂದ’

ನಾನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಕೊಡಗಿನ ಒಂದು ಗುಡ್ಡಗಾಡು ಪಂಚಾಯಿತಿಯಲ್ಲಿ ಕೆಲಸ. ಈ ನೌಕರಿಯಲ್ಲಿ ನಾನು ಅತಿ ಹೆಚ್ಚು ಸಲ ಬರೆದ ಮಾತು ಯಾವುದು ಅಂತ ಯಾರಾದರೂ ಕೇಳಿದರೆ ಯೋಚಿಸುವ ಅಗತ್ಯವೇ ಇಲ್ಲ. ‘ಸಾರ್ವಜನಿಕ ಹಿತದೃಷ್ಟಿಯಿಂದ’. ಹಂದಿಗೂಡು ತೆರವು ಮಾಡಿಸಲು ಅದೇ. ರಸ್ತೆಗೆ ಬಾಗಿದ ಮರ ಕಡಿಸಲು ಅದೇ. ನೀರಿನ ಪೈಪು ಒಬ್ಬರ ತೋಟದೊಳಗೆ ಹಾಯಿಸಲು ಅದೇ. ಅದನ್ನು ಬರೆದುಬಿಟ್ಟರೆ ಬೇರೆ ಕಾರಣ ಕೊಡಬೇಕಾಗಿಲ್ಲ. ಫೈಲು ತಾನಾಗಿಯೇ ಮುಂದಕ್ಕೆ ಹೋಗುತ್ತದೆ.

ಒಬ್ಬ ಅಜ್ಜಿ ಇದನ್ನು ಬಿಡಿಸಿದರು. ಪೂರ್ತಿ ಬಿಡಿಸಿದರು ಅಂತ ಹೇಳಲಾರೆ. ಬರೆಯುವ ಮೊದಲು ಪೆನ್ನು ಒಂದು ಕ್ಷಣ ನಿಲ್ಲುತ್ತದೆ, ಅಷ್ಟೇ.

2022ರ ಜುಲೈ. ಕಕ್ಕಡ ಅಂತ ನಾವು ಕರೆಯುವ ಮಳೆಯ ತಿಂಗಳ ಜಡಿಮಳೆ. ಕೊಡಗಿನ ಹೊರಗಿನವರಿಗೆ ಒಂದು ಮಾತು ಹೇಳಬೇಕು. 2018ರ ಆಗಸ್ಟ್ ಆದಮೇಲೆ ಇಲ್ಲಿ ಮಳೆಯ ಬಗ್ಗೆ ಮಾತಾಡುವ ಧಾಟಿಯೇ ಬದಲಾಗಿದೆ. ಆ ವರ್ಷ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು. ಮರುವರ್ಷ ತೋರದಲ್ಲಿ ಕುಸಿಯಿತು, ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ಮನೆಗಳಿಗೆ ನುಗ್ಗಿತು. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿಯಿತು. ಮೊದಲು ನಾಲ್ಕು ದಿನ ಬಿಡದೆ ಸುರಿದರೆ ‘ಒಳ್ಳೆ ಮಳೆ’ ಅನ್ನುತ್ತಿದ್ದವರು ಈಗ ರಾತ್ರಿ ಎದ್ದು ಟಾರ್ಚ್ ಹಿಡಿದು ಮನೆಯ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ನೋಡಿಕೊಂಡು ಬರುತ್ತಾರೆ. ಮಳೆಗಾಲ ಶುರುವಾದರೆ ನಮಗೂ ಒಂದು ಕೆಲಸ ಖಾಯಂ. ಅಪಾಯದಲ್ಲಿರುವ ಮನೆಗಳಿಗೆ ನೋಟಿಸ್ ಕೊಡುವುದು, ಕಾಳಜಿ ಕೇಂದ್ರಕ್ಕೆ, ಅಂದರೆ ಸರ್ಕಾರದ ಪರಿಹಾರ ಶಿಬಿರಕ್ಕೆ, ಬನ್ನಿ ಅಂತ ಹೇಳುವುದು.

ಹಾಗೆ ಗ್ರಾಮ ಲೆಕ್ಕಿಗರ ಜೊತೆ ಆ ಅಜ್ಜಿಯ ಮನೆಗೆ ಹೋದೆ. ಹೆಂಚಿನ ಮನೆ, ಪಕ್ಕದಲ್ಲಿ ಕೊಟ್ಟಿಗೆ, ಎರಡು ಹಸು, ಅದರಲ್ಲಿ ಒಂದು ಗಬ್ಬ. ಮಗ ಮೈಸೂರಿನಲ್ಲಿ. ನೋಟಿಸ್ ಕೈಗೆ ಕೊಟ್ಟರೆ, “ಕನ್ನಡಕ ಒಳಗಿದೆ. ನೀನೇ ಓದು ಮಗಾ” ಅಂದರು. ಓದಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ, ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, ಎಲ್ಲ ಓದಿದೆ. ಸಾರ್ವಜನಿಕ ಹಿತದೃಷ್ಟಿಯಿಂದ ಅನ್ನುವಲ್ಲಿ ತಡೆದರು.

“ಸಾರ್ವಜನಿಕ ಅಂದ್ರೆ ಯಾರು?”

“ಎಲ್ಲರೂ ಅಜ್ಜಿ.”

“ಎಲ್ಲರೂನಾ? ಹಾಗಾದ್ರೆ ಕೆಳಗಿನವನಿಗೂ ಇದನ್ನ ಕೊಟ್ಟೆಯಾ?”

ಕೆಳಗೆ ಒಂದು ಹೋಂಸ್ಟೇ ಇತ್ತು. ಅದರ ಮಾಲೀಕರು ಹಿಂದಿನ ಬೇಸಿಗೆಯಲ್ಲಿ ಕಾರು ನಿಲ್ಲಿಸಲು ಜಾಗ ಮಾಡಬೇಕು ಅಂತ ಹಿಟಾಚಿ ತರಿಸಿ ಬರೆಯ ಬುಡವನ್ನು ನೇರ ಗೋಡೆಯ ಹಾಗೆ ಕಡಿಸಿದ್ದರು. ಎರಡಾಳು ಎತ್ತರಕ್ಕಿಂತ ಜಾಸ್ತಿ. ಗುಡ್ಡ ನಿಲ್ಲುವುದೇ ಬುಡದ ಮಣ್ಣಿನ ಆಸರೆಯಿಂದ. ಅದನ್ನು ತೆಗೆದು, ಮೇಲಿನಿಂದ ವಾರಗಟ್ಟಲೆ ನೀರು ಕುಡಿಸಿದರೆ ಏನಾಗುತ್ತದೆ ಅಂತ ತೋಟದ ಕೆಲಸದವರಿಗೂ ಗೊತ್ತು. ಕಡಿದವರು ಕೆಳಗೆ, ಬಿರುಕು ಬಿಟ್ಟಿದ್ದು ಮೇಲಿನ ಅಂಗಳ. ನೋಟಿಸ್ ಬಂದದ್ದು ಅಂಗಳದವರಿಗೆ.

ಇದರಲ್ಲಿ ನನ್ನ ಪಾಲೂ ಇತ್ತು. ಆ ಕಟ್ಟಡದ ಲೈಸೆನ್ಸಿಗೆ ಸಹಿ ಹಾಕಿದವನು ನಾನೇ. ನಕ್ಷೆಯಲ್ಲಿ ಭೂಮಿ ಮಟ್ಟವಾಗಿತ್ತು. ಕಾಗದದ ಮೇಲೆ ಎಲ್ಲ ಗುಡ್ಡವೂ ಮಟ್ಟವೇ. ಸ್ಥಳಕ್ಕೆ ಹೋಗಲಿಲ್ಲ. ಮಾರ್ಚ್ ತಿಂಗಳು, ತೆರಿಗೆ ವಸೂಲಿಯ ಗಡಿಬಿಡಿ. ಸಹಿ ಹಾಕಿ ಕಳಿಸಿದೆ. ಅಜ್ಜಿಯ ಅಂಗಳದಲ್ಲಿ ನಿಂತು ಕೆಳಗೆ ನೋಡಿದಾಗ ಹೊಟ್ಟೆಯಲ್ಲಿ ಏನೋ ಆಯಿತು.

ಅಜ್ಜಿ ಬರುವುದಿಲ್ಲ ಅಂದರು. ಕಾರಣಗಳೂ ಇದ್ದವು. ಕಾಳಜಿ ಕೇಂದ್ರದಲ್ಲಿ ಹಸುವಿಗೆ ಜಾಗವಿಲ್ಲ. ಅಟ್ಟದಲ್ಲಿ ಕರಿಮೆಣಸಿನ ಮೂಟೆ ಇದೆ, ಕಾಯುವವರಿಲ್ಲ. ಬೆಳಿಗ್ಗೆ ಪಾಯಿಖಾನೆಗೆ ಸಾಲು ನಿಲ್ಲಬೇಕು. ನನ್ನ ಮನೆ, ನನ್ನ ಜೀವ, ನಿಮಗೇನು ಕಷ್ಟ?

ಕೊನೆಯ ಪ್ರಶ್ನೆಗೆ ಉತ್ತರ ಇತ್ತು. ನೋಟಿಸಿನಲ್ಲಿ ಇರಲಿಲ್ಲ, ಅಷ್ಟೇ. ನಾನು ಹೇಳಿದೆ, “ಅಜ್ಜಿ, ಬರೆ ಜರಿದ್ರೆ ನಿಮ್ಮನ್ನ ತೆಗೆಯೋಕೆ ಹುಡುಗರು ಹಗ್ಗ ಹಿಡ್ಕೊಂಡು ಬರ್ತಾರೆ. ರಾತ್ರಿ ಆದ್ರೂ ಬರ್ತಾರೆ. ಅವರ ಮೇಲೆ ಇನ್ನೊಂದು ಸಲ ಮಣ್ಣು ಬಿದ್ರೆ?”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗೆ ಹೇಳು. ಹಿತದೃಷ್ಟಿ ಅಂದ್ರೆ ನನಗೇನು ಗೊತ್ತಾಗ್ತದೆ” ಅಂದರು. ಆಮೇಲೆ, “ಹಸುವಿಗೇನು ಮಾಡ್ತೀಯ?”

ನಾನು ತೋಟಗಾರ ಅಲ್ಲ, ಪಶುವೈದ್ಯನೂ ಅಲ್ಲ. ಆದರೆ ಆ ಮಧ್ಯಾಹ್ನ ನಾನು ಮಾಡಿದ್ದು ಹಸುವಿನ ಕೆಲಸವೇ. ಅರ್ಧ ಮೈಲಿ ದೂರದ ಒಬ್ಬ ಬೆಳೆಗಾರರ ಕಾಫಿ ಗೋದಾಮು ಆ ಸಮಯದಲ್ಲಿ ಖಾಲಿ. ಅವರನ್ನು ಕೇಳಿದೆ, ಒಪ್ಪಿದರು. ಹುಲ್ಲಿನ ಖರ್ಚು ಯಾರದು? ಪಂಚಾಯಿತಿಯಲ್ಲಿ ಅಜ್ಜಿಯ ಹಸುವಿಗೆ ಹುಲ್ಲು ಅಂತ ಯಾವ ಲೆಕ್ಕ ಶೀರ್ಷಿಕೆಯೂ ಇಲ್ಲ. ಸೀದಾ ಹೋಂಸ್ಟೇಗೆ ಹೋದೆ.

ಅವರನ್ನು ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ಬ್ಯಾಂಕ್ ಸಾಲ ಮಾಡಿ ಕಟ್ಟಿದ್ದರು, ಕೊರೊನಾದಲ್ಲಿ ಒಬ್ಬ ಅತಿಥಿಯೂ ಇಲ್ಲದೆ ಕಂತು ಕಟ್ಟಿದ್ದರು. “ನನ್ನ ಜಾಗದಲ್ಲಿ ನಾನು ಮಣ್ಣು ತೆಗೆದ್ರೆ ಏನು ತಪ್ಪು ಸಾರ್? ಲೈಸೆನ್ಸ್ ಕೊಟ್ಟಿದ್ದು ನೀವೇ ಅಲ್ವಾ?” ಅಂದರು. ಎರಡನೇ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊದಲನೆಯದಕ್ಕೆ ಅವರನ್ನೇ ಕರೆದುಕೊಂಡು ಹೋಗಿ ಮೇಲಿನ ಅಂಗಳದ ಬಿರುಕು ತೋರಿಸಿದೆ. ಕಾಲಿನ ಹೆಬ್ಬೆರಳು ಇಳಿಯುವಷ್ಟು ಅಗಲ. ಅವರು ಅದನ್ನು ನೋಡಿರಲೇ ಇಲ್ಲ. ಒಂದು ವರ್ಷದಿಂದ ಅಜ್ಜಿಯ ಮನೆಗೆ ಅವರು ಹತ್ತಿರಲಿಲ್ಲ, ಅವರ ಮನೆಗೆ ಅಜ್ಜಿ ಇಳಿದಿರಲಿಲ್ಲ. ಹುಲ್ಲಿನ ದುಡ್ಡು ಕೊಟ್ಟರು. ಗೊಣಗಿಕೊಂಡೇ ಕೊಟ್ಟರು. ಕಾನೂನಿನ ಬಲ ನನಗೆ ಇರಲಿಲ್ಲ, ಸುಮ್ನೆ ಕೇಳಿದೆ.

ಅಜ್ಜಿ ಹತ್ತೊಂಬತ್ತು ದಿನ ಕಾಳಜಿ ಕೇಂದ್ರದಲ್ಲಿದ್ದರು.

ಅಂದಿನಿಂದ ಲೈಸೆನ್ಸ್ ಅರ್ಜಿ ಬಂದರೆ ಸ್ಥಳಕ್ಕೆ ಹೋಗುವ ಅಭ್ಯಾಸ ಮಾಡಿಕೊಂಡೆ. ಬರೆಯ ಫೋಟೋ, ಮೇಲಿನ ಮನೆಯವರ ಮಾತು, ಕೆಳಗಿನ ಮನೆಯವರ ಮಾತು. ಇದನ್ನು ಬರೆದು ಬೆನ್ನು ತಟ್ಟಿಸಿಕೊಳ್ಳೋಣ ಅಂತ ಅಲ್ಲ, ಯಾಕೆಂದರೆ ಇದರಲ್ಲೂ ಎಡವಿದ್ದೇನೆ. ತೋಟದ ಕೂಲಿಯವರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ, ಹುಟ್ಟಿ ಬೆಳೆದ ಒಬ್ಬ ಕೂಲಿ ಕೆಲಸದವರು ಜೀವಮಾನದ ಉಳಿತಾಯದಲ್ಲಿ ಎರಡು ಸೆಂಟ್ ಜಾಗ ತಗೊಂಡಿದ್ದರು. ಬರೆ ಇದೆ, ನೋಡೋಣ, ಇಂಜಿನಿಯರ್ ಬರಲಿ ಅಂತ ನಾನು ಎಳೆದೆ. ಇಂಜಿನಿಯರ್ ಬರುವ ಹೊತ್ತಿಗೆ ಮಳೆ ಬಂತು. ಅವರ ಮನೆ ಒಂದು ವರ್ಷ ತಡವಾಯಿತು. ಕಚೇರಿಗೆ ಬಂದು, “ದೊಡ್ಡವರು ಗುಡ್ಡ ಕಡಿದಾಗ ಕಣ್ಣು ಮುಚ್ಚಿದ್ರಿ, ನಾನು ಒಂದು ಕೋಣೆ ಕಟ್ಟೋವಾಗ ಕಣ್ಣು ಬಂತಾ?” ಅಂದರು. ಎಲ್ಲರ ಒಳಿತಿಗೆ ಅಂತ ಮಾಡುವ ನಿಯಮ ಎಲ್ಲರ ಮೇಲೂ ಒಂದೇ ತೂಕಕ್ಕೆ ಬೀಳುವುದಿಲ್ಲ. ಹತ್ತು ಎಕರೆ ಇದ್ದವರು ಬೇರೆ ಕಡೆ ಕಟ್ಟಿಕೊಳ್ಳುತ್ತಾರೆ. ಎರಡು ಸೆಂಟಿನವರು ಎಲ್ಲಿಗೆ ಹೋಗಬೇಕು?

ಇದೆಲ್ಲ ನನ್ನ ತಲೆಯಲ್ಲಿ ಇದ್ದಾಗಲೇ 2024ರ ಗ್ರಾಮಸಭೆ ಬಂತು. ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಜಾರಿತ್ತು. ಮರುದಿನವೇ ಕೇಂದ್ರ ಸರ್ಕಾರ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಡಿಸಿತು. ಅದು ಆರನೇ ಕರಡು. ಮಾಧವ ಗಾಡ್ಗೀಳ್ ಸಮಿತಿ ವರದಿ ಕೊಟ್ಟದ್ದು 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ, ಅದರ ಆಧಾರದ ಮೇಲೆ ಮೊದಲ ಕರಡು 2014ರಲ್ಲಿ. ಹತ್ತು ವರ್ಷ ಕರಡು, ಆಕ್ಷೇಪ, ಮತ್ತೆ ಕರಡು. ಈ ಸಲವೂ ಆಕ್ಷೇಪಣೆಗೆ ಅರವತ್ತು ದಿನ. ಆರು ರಾಜ್ಯ ಸೇರಿ 56,825 ಚದರ ಕಿಲೋಮೀಟರ್, ಅದರಲ್ಲಿ ಕರ್ನಾಟಕದ ಪಾಲು 20,668. ಅತಿ ದೊಡ್ಡ ಪಾಲು ನಮ್ಮದೇ.

ಗ್ರಾಮಸಭೆಯ ನಿರ್ಣಯ ಸಭೆಗೆ ಮೊದಲೇ ತಯಾರಿತ್ತು. ಸುಳ್ಳು ಯಾಕೆ ಹೇಳಲಿ, ಪಕ್ಕದ ಪಂಚಾಯಿತಿಯದನ್ನು ತರಿಸಿ ಹೆಸರು ಬದಲಿಸಿಟ್ಟಿದ್ದೆ. ‘ಸಾರ್ವಜನಿಕ ಹಿತದೃಷ್ಟಿಯಿಂದ ಸದರಿ ವರದಿಯನ್ನು ಒಕ್ಕೊರಲಿನಿಂದ ವಿರೋಧಿಸಲಾಯಿತು.’ ಪರಿಸರದವರೂ ಅದೇ ಮಾತು ಬಳಸುತ್ತಾರೆ ನೋಡಿ. ಎರಡು ಪಕ್ಷದವರಿಗೂ ಸಾರ್ವಜನಿಕರು ತಮ್ಮ ಕಡೆಯೇ.

ಹಿಂದಿನ ರಾತ್ರಿ ಆ ಸಾಲು ಓದುವಾಗ ಅಜ್ಜಿ ನೆನಪಾದರು. ಕೂತು ಕರಡನ್ನು ಓದಿದೆ. ನನ್ನ ಕೈಗೆ ಸಿಕ್ಕಿದ್ದು ಇಂಗ್ಲಿಷ್ ಪ್ರತಿ. ಮುಖ್ಯವಾದದ್ದನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿದೆ. ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು ನಿಷೇಧ. ಉಷ್ಣ ವಿದ್ಯುತ್ ಸ್ಥಾವರ ಇಲ್ಲ. ಹೆಚ್ಚು ಮಾಲಿನ್ಯ ಮಾಡುವ ಕೆಂಪು ಪಟ್ಟಿಯ ಹೊಸ ಕಾರ್ಖಾನೆ ಇಲ್ಲ. 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡ ಇಲ್ಲ. ಕೃಷಿ, ತೋಟ ನಿಲ್ಲಿಸಬೇಕು ಅಂತ ಇಲ್ಲ. ಇದ್ದ ಮನೆ ಬಿಟ್ಟು ಹೋಗಿ ಅಂತಲೂ ಇಲ್ಲ.

ಸಭೆಯಲ್ಲಿ ಓದಿದೆ. ಗಲಾಟೆ ಆಯಿತು. ಪಿಡಿಒ ಯಾರ ಕಡೆ ಅಂತ ಹಿಂದಿನಿಂದ ಕೂಗು. ಒಬ್ಬರು ಎದ್ದು, ಆಸ್ತಿ ನಮ್ಮ ಮೂಲಭೂತ ಹಕ್ಕು, ಯಾವ ಸರ್ಕಾರವೂ ಮುಟ್ಟುವ ಹಾಗಿಲ್ಲ ಅಂದರು. ನಿವೃತ್ತ ಮೇಷ್ಟ್ರು ಕೂತಲ್ಲಿಂದಲೇ, “1978ರಲ್ಲೇ ಹೋಯ್ತಪ್ಪ ಅದು. ಸಂವಿಧಾನದ ನಲವತ್ತನಾಲ್ಕನೇ ತಿದ್ದುಪಡಿ. ಈಗ 300ಎ ವಿಧಿ. ಕಾನೂನಿನ ಪ್ರಕಾರ ಆದ್ರೆ ಮುಟ್ಟಬಹುದು, ಕಾನೂನಿಲ್ಲದೆ ಮುಟ್ಟೋ ಹಾಗಿಲ್ಲ” ಅಂದರು. ಎದ್ದವರು ಕೂತರು. ಇನ್ನೊಬ್ಬ ಹಿರಿಯರು ದೇವರಕಾಡಿನ ಮಾತು ತೆಗೆದರು. “ದೇವರಕಾಡಿಂದ ಒಂದು ಒಣಕಡ್ಡಿ ನಾವು ಮನೆಗೆ ತಂದವರಲ್ಲ. ಯಾವ ಗೆಜೆಟ್ ನಮಗೆ ಹೇಳಿಕೊಟ್ಟಿತ್ತು?” ಚಪ್ಪಾಳೆ ಬಿತ್ತು. ಹೆಂಗಸರ ಸಾಲಿನಿಂದ ಒಂದು ದನಿ: “ಅದರ ಅಂಚಿನಲ್ಲಿ ಕಾಫಿ ಗಿಡ ನೆಟ್ಟವರು ಯಾರು ಅಂತಲೂ ಹೇಳಿ ಅಣ್ಣ.” ಅರ್ಧ ಸಭೆ ನಕ್ಕಿತು, ಇನ್ನರ್ಧ ತಲೆ ತಗ್ಗಿಸಿತು.

ನಕ್ಕ ಮೇಲೆ ಮಾತು ಬೇರೆ ಆಯಿತು. ಕ್ವಾರಿ ಬೇಕು ಅಂದವರು ಇಬ್ಬರು, ಇಬ್ಬರಿಗೂ ಟಿಪ್ಪರ್ ಇದೆ. ಉಳಿದವರ ಭಯವೇ ಬೇರೆ. ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ, ನಾಳೆ ಇದೇ ನೆಪ ಹೇಳಿ ಕೊಡದಿದ್ದರೆ? ಸಿ ಆ್ಯಂಡ್ ಡಿ ಜಾಗ, ಅಂದರೆ ಕಂದಾಯದ್ದೋ ಅರಣ್ಯದ್ದೋ ಅಂತ ತಕರಾರಿರುವ ಸರ್ಕಾರಿ ಜಾಗ, ಅಂತ ಈಗಾಗಲೇ ಕಂದಾಯ ಮತ್ತು ಅರಣ್ಯದ ನಡುವೆ ಅಲೆಯುತ್ತಿದ್ದೇವೆ, ಇನ್ನೊಂದು ಬೇಲಿ ಬಿದ್ದರೆ? ಬ್ಯಾಂಕಿನವರು ಸಾಲ ಕೊಡುತ್ತಾರಾ? ಆನೆ ಬಂದು ಬಾಳೆ, ಗದ್ದೆ ತುಳಿದು ಹೋದಾಗ ಪರಿಹಾರಕ್ಕೆ ವರ್ಷ ಕಾಯುತ್ತೇವೆ. ಮಳೆಗಾಲದಲ್ಲಿ ಮರದ ಲಾರಿ ಓಡಿಸಬೇಡಿ ಅಂದರೆ ನಿಲ್ಲಿಸುತ್ತೇವೆ, ಆಸ್ಪತ್ರೆ ಖರ್ಚಿಗೆ ತೋಟದ ಸಿಲ್ವರ್ ಮರ ಮಾರಬೇಕಿದ್ದರೂ ಕಾಯುತ್ತೇವೆ. ಬಿಡುವವರು ಯಾವಾಗಲೂ ನಾವೇನಾ? ನೀರು ಕುಡಿಯುವ ಮೈಸೂರು, ಬೆಂಗಳೂರು ಏನು ಬಿಡುತ್ತವೆ?

ಇದನ್ನು ಸ್ವಾರ್ಥ ಅನ್ನಲು ನನಗೆ ಬಾಯಿ ಬರಲಿಲ್ಲ. ಕಾಡು ಬೇಡ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಕಾಗದದಲ್ಲಿ ಇದ್ದದ್ದು ಒಂದು, ಅದನ್ನು ಹಿಡಿದುಕೊಂಡು ಗೇಟಿಗೆ ಬರುವವರು ಇನ್ನೊಂದು ಮಾಡುತ್ತಾರೆ ಅನ್ನುವ ಅನುಭವ ಅವರದು. ಆ ಅನುಭವ ಕೊಟ್ಟವರಲ್ಲಿ ನನ್ನಂಥವರೂ ಇದ್ದೇವೆ.

ನಿರ್ಣಯ ವಿರೋಧವಾಗಿಯೇ ಪಾಸಾಯಿತು. ಆದರೆ ಆ ಒಂದೇ ಸಾಲಿನಲ್ಲಿ ಅಲ್ಲ. ಯಾರಿಗೆ ಯಾವ ಭಯ, ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಅಂತ ಎರಡು ಪುಟ ಲಗತ್ತಿಸಿದೆವು. ಹೊಸ ಕ್ವಾರಿ ಬೇಡ ಅಂತ ಬರೆಯಲು ಒಪ್ಪಿಸುವಾಗ ಟಿಪ್ಪರಿನವರೊಬ್ಬರು ಎದ್ದು ಹೋದರು. ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಊರಲ್ಲಿ ಕೆಲವರು ಪಟಾಕಿ ಹೊಡೆದರು. ನಮ್ಮ ಎರಡು ಪುಟವನ್ನು ಯಾರಾದರೂ ಓದಿದರೋ ಇಲ್ಲವೋ, ದೇವರೇ ಬಲ್ಲ. ಅದರ ನಕಲು ಮಾತ್ರ ನನ್ನ ಮೇಜಿನ ಡ್ರಾಯರಿನಲ್ಲಿದೆ. ಯಾರಾದರೂ ‘ಜನರಿಗೆ ಪರಿಸರದ ಕಾಳಜಿ ಇಲ್ಲ’ ಅಂದರೆ ತೆಗೆದು ಕೊಡುತ್ತೇನೆ.

ಅಜ್ಜಿಯ ಮನೆ ಬೀಳಲಿಲ್ಲ. ಆ ಮಳೆಗಾಲ ಬರೆ ಸ್ವಲ್ಪ ಜರಿದು ಹತ್ತಿಪ್ಪತ್ತು ಕಾಫಿ ಗಿಡ ಹೋಂಸ್ಟೇಯ ಪಾರ್ಕಿಂಗಿಗೆ ಇಳಿಯಿತು, ಅಷ್ಟೇ. ಮಾಲೀಕರು ಕಲ್ಲಿನ ತಡೆಗೋಡೆ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ್ದಾರೆ, ಉಳಿದರ್ಧಕ್ಕೆ ಮೂರು ಸಲ ಪತ್ರ ಬರೆದಿದ್ದೇನೆ. ಅಜ್ಜಿ ಸಿಕ್ಕಾಗಲೆಲ್ಲ, “ಏನೂ ಆಗ್ಲಿಲ್ಲ ನೋಡು, ಸುಮ್ನೆ ಎಬ್ಬಿಸಿಕೊಂಡು ಹೋದೆ” ಅಂತ ಎಲ್ಲರೆದುರೇ ಅನ್ನುತ್ತಾರೆ. ಆಗದೇ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ತರಲಿ?

ನಮ್ಮ ನೋಟಿಸ್ ಈಗ ಅರ್ಧ ಪುಟ ಉದ್ದವಾಗಿದೆ. ಬೀಗದ ಕೈ ಯಾರ ಹತ್ತಿರ, ದನ ಎಲ್ಲಿ, ಮೆಣಸಿನ ಮೂಟೆ ಎಲ್ಲಿಡಬಹುದು, ಎಷ್ಟು ದಿನ. ಕೆಳಗಿನ ಮನೆಗೂ ಒಂದು ಪ್ರತಿ ಹೋಗುತ್ತದೆ. ಮೇಲಿನ ಕಚೇರಿಯವರು ಒಮ್ಮೆ ನೋಡಿ, ಇದೇನ್ರೀ ನೋಟಿಸಾ ಕಾಗದಾನಾ ಅಂದರು. ಕಳೆದ ಜೂನಿನಲ್ಲಿ ಅಜ್ಜಿ ತಾವೇ ಫೋನ್ ಮಾಡಿದರು. ನೋಟಿಸ್ ಯಾವಾಗ ತರ್ತೀಯ ಮಗಾ, ಗೋದಾಮಿನವರಿಗೆ ಮೊದಲೇ ಹೇಳಿಬಿಡು, ಈ ಸಲ ಕರು ಸೇರಿ ಮೂರು ಹಸು.