ಬೀಗ ಹಾಕಿದ ಪಾಠದ ಕೋಣೆ

ಕಾಲೇಜಿನ ವಾರ್ಷಿಕ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂಬ ಪತ್ರ ಬಂದಾಗ ನನ್ನ ಕಣ್ಣೆದುರು ನಿಂತದ್ದು ಐಚ್ಛಿಕ ಇಂಗ್ಲಿಷ್ ತರಗತಿ. ಅಲ್ಲಿ ಮೇಡಂ ನಮಗೆ ಆಸ್ಕರ್ ವೈಲ್ಡ್‌ನ ‘ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ’ ಕಾದಂಬರಿಯ ಪಾಠ ಮಾಡಿದ್ದರು.

ಲಂಡನ್ನಿನ ಚೆಲುವ ತರುಣ ಡೋರಿಯನ್. ಬ್ಯಾಸಿಲ್ ಹಾಲ್‌ವರ್ಡ್ ಬಿಡಿಸಿದ ತನ್ನ ಭಾವಚಿತ್ರವನ್ನು ನೋಡಿ, ಮುಪ್ಪು ಚಿತ್ರಕ್ಕೆ ಬರಲಿ, ನಾನು ಹೀಗೆಯೇ ಉಳಿಯುವಂತಾದರೆ ಆತ್ಮವನ್ನೇ ಕೊಟ್ಟೇನು ಎನ್ನುತ್ತಾನೆ. ಹಾಗೆಯೇ ಆಗುತ್ತದೆ; ಮುಪ್ಪಿನ ಜೊತೆಗೆ ಅವನ ಪಾಪದ ಗುರುತುಗಳೂ ಚಿತ್ರದ ಮೇಲೆಯೇ ಬೀಳುತ್ತವೆ. 1890ರಲ್ಲಿ ಪತ್ರಿಕೆಯಲ್ಲಿ ಬಂದಾಗ ಇದು ಅನೀತಿಯ ಕಥೆಯೆಂದು ವಿಮರ್ಶಕರು ಕೆಂಡ ಕಾರಿದರು. ಮರುವರ್ಷ ವೈಲ್ಡ್ ಅದನ್ನು ತಿದ್ದಿ, ಬೆಳೆಸಿ, ಪುಸ್ತಕ ಮಾಡಿದ.

ಡೋರಿಯನ್ ಕೆಟ್ಟದ್ದು ಬ್ಯಾಸಿಲನ ಗೆಳೆಯ ಲಾರ್ಡ್ ಹೆನ್ರಿಯ ಸಿಹಿಮಾತಿನಿಂದ ಎಂದು ನಾನು ಪ್ರಬಂಧ ಬರೆದಿದ್ದೆ. ಮೇಡಂ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದರು: “ಮೊದಲ ಗೆರೆ ಬಿದ್ದಾಗ ಹೆನ್ರಿ ಎಲ್ಲಿದ್ದ?”

ನಾನು ಪುಟ ತಿರುವಿದೆ. ರಂಗದ ಮೇಲೆ ಜೂಲಿಯೆಟ್ ಆಗುತ್ತಿದ್ದ, ಡೋರಿಯನ್ ಮೆಚ್ಚಿದ ನಟಿ ಸಿಬಿಲ್ ವೇನ್‌ಗೆ ನಿಜವಾದ ಪ್ರೀತಿ ಸಿಕ್ಕಿದ ದಿನ ನಟನೆ ಕೈಕೊಡುತ್ತದೆ. ಕಾಲಿಗೆ ಬಿದ್ದು ಅಳುವವಳನ್ನು ಡೋರಿಯನ್ ತಿರಸ್ಕರಿಸಿ ಹೊರಡುತ್ತಾನೆ. ಆಗ ಹೆನ್ರಿ ಜೊತೆಗಿಲ್ಲ. ಬೆಳಗಿನ ಜಾವ ಮನೆಗೆ ಬಂದರೆ ಚಿತ್ರದ ತುಟಿಯಲ್ಲಿ ಕ್ರೌರ್ಯದ ಗೆರೆ. ಮರುದಿನ ಅವಳಿಗೆ ಉದ್ದದ ಕ್ಷಮಾಪತ್ರ ಬರೆದು ಮುಗಿಸುವಷ್ಟರಲ್ಲಿ ಕ್ಷಮೆ ಸಿಕ್ಕೇಬಿಟ್ಟಿತೆಂದು ಅವನಿಗೆ ಅನ್ನಿಸಿರುತ್ತದೆ. ಸಿಬಿಲ್ ಅಷ್ಟರಲ್ಲಿ ವಿಷ ಕುಡಿದು ಸತ್ತಿರುತ್ತಾಳೆ. ಆ ರಾತ್ರಿ ಅವನು ಸಂಗೀತನಾಟಕಕ್ಕೆ ಹೋಗುತ್ತಾನೆ.

ಚಿತ್ರವನ್ನು ಅವನು ಬಚ್ಚಿಡುವ ಜಾಗದ ಮುಂದೆ ಮೇಡಂ ನಮ್ಮನ್ನು ಒಂದು ತಾಸು ನಿಲ್ಲಿಸಿದರು. ಅದು ಮನೆಯ ಮೇಲಂತಸ್ತಿನಲ್ಲಿರುವ, ಅವನು ಬಾಲ್ಯದಲ್ಲಿ ಓದಿದ ಪಾಠದ ಕೋಣೆ. ಮೂಲೆ ಮಡಚಿದ ಅವನ ಶಾಲಾಪುಸ್ತಕಗಳು ಇನ್ನೂ ಕಪಾಟಿನಲ್ಲಿವೆ. ಚಿತ್ರ ಕೊಳೆಯುವುದು ಅವುಗಳ ಪಕ್ಕದಲ್ಲಿ. ವರ್ಷಗಳ ಮೇಲೆ, ಅವನ ಮೂವತ್ತೆಂಟನೆಯ ಹುಟ್ಟುಹಬ್ಬದ ಹಿಂದಿನ ರಾತ್ರಿ, ಬ್ಯಾಸಿಲ್ ಡೋರಿಯನ್ನನ ಇರಿತಕ್ಕೆ ಬೀಳುವುದೂ ಅಲ್ಲೇ. ಆ ಪುಸ್ತಕಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಕೊಲೆಯ ವಿವರಕ್ಕಿಂತ ಹೆಚ್ಚಾಗಿ.

ನನ್ನನ್ನು ತಟ್ಟಿದ್ದು ಮಾತ್ರ ಕೊನೆಯ ಭಾಗ. ಹೆಟ್ಟಿ ಎಂಬ ಹಳ್ಳಿಯ ಹುಡುಗಿಯನ್ನು ಕೆಡಿಸದೆ ಬಿಟ್ಟುಬಂದೆನೆಂದು ಡೋರಿಯನ್ ಹೆನ್ರಿಯ ಮುಂದೆ ಹೇಳಿಕೊಳ್ಳುತ್ತಾನೆ. ಒಂದು ಒಳ್ಳೆಯ ಕೆಲಸದಿಂದ ಚಿತ್ರ ತುಸುವಾದರೂ ತಿಳಿಯಾಗಿರಬಹುದೆಂದು ದೀಪ ಹಿಡಿದು ಮೇಲೆ ಹೋಗುತ್ತಾನೆ. ಕಣ್ಣಿನಲ್ಲಿ ಕುಟಿಲತೆ, ಬಾಯಲ್ಲಿ ಕಪಟದ ಸುಕ್ಕು ಹೊಸದಾಗಿ ಸೇರಿಕೊಂಡಿವೆ. ಕೈಯ ಮೇಲಿನ ರಕ್ತದ ಕಲೆ ಇನ್ನಷ್ಟು ಹರಡಿದೆ.

“ಪಾಪ ಮಾಡಿದವನ ಹಮ್ಮು ಕಣ್ಣಿಗೆ ಕಾಣುತ್ತದೆ. ಪುಣ್ಯ ಮಾಡಿದವನ ಹಮ್ಮನ್ನು ಹುಡುಕಿ ನೋಡಬೇಕು,” ಎಂದರು ಮೇಡಂ. ಅವರು ಯಾರ ಕಡೆಗೂ ನೋಡದೆ ಹೇಳಿದ ಮಾತು ಅದು. ನನ್ನ ಮೈ ಮಾತ್ರ ಬೆವರಿತು. ಆ ತಿಂಗಳು ಸಹಪಾಠಿಯೊಬ್ಬನ ಪರೀಕ್ಷಾ ಶುಲ್ಕವನ್ನು ನಾನು ಕಟ್ಟಿದ್ದೆ. ಕಟ್ಟಿದ್ದನ್ನು ಹಾಸ್ಟೆಲಿನಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೆ. ಅವನು ನನ್ನ ಮುಂದಿನ ಬೆಂಚಿನಲ್ಲೇ ಕುಳಿತಿದ್ದ.

ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಅವನ ಪಕ್ಕ ಕುಳಿತು ತಪ್ಪಾಯಿತೆಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ನೀನು ಹೇಳುವವರೆಗೆ ನಮ್ಮ ಮನೆಯ ಕಷ್ಟ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ,” ಎಂದು ಎದ್ದು ಊಟದ ಮನೆಯ ಕಡೆಗೆ ನಡೆದ.