ಪಕ್ಕದಲ್ಲಿ ನಿಂತವರು

ನಿನ್ನೆ ರಾತ್ರಿ ಮಗಳ ಇಂಗ್ಲಿಷ್ ಹೋಮ್‌ವರ್ಕ್. ‘ಸ್ಟ್ಯಾಂಡ್ ಬೈ’ ಅಂದರೆ ಏನಪ್ಪಾ ಅಂತ ಕೇಳಿದಳು. ಪಕ್ಕದಲ್ಲಿ ನಿಲ್ಲುವುದು ಅಂತ ಸುಮ್ನೆ ಹೇಳಿಬಿಟ್ಟೆ. ಆಮೇಲೆ ಸಿಕ್ಕಿಹಾಕಿಕೊಂಡೆ.

‘ಶಿ ಸ್ಟುಡ್ ಬೈ ಮಿ’ ಅಂದರೆ ಕಷ್ಟದಲ್ಲಿ ನನ್ನ ಬೆನ್ನಿಗೆ ನಿಂತಳು. ‘ದೇ ಜಸ್ಟ್ ಸ್ಟುಡ್ ಬೈ’ ಅಂದರೆ ಕೈಕಟ್ಟಿಕೊಂಡು ನೋಡುತ್ತಾ ನಿಂತರು! ‘ಬೈ’ ಆದಮೇಲೆ ಯಾರಾದರೂ ಇದ್ದರೆ ಆಸರೆ, ಇಲ್ಲದಿದ್ದರೆ ಹೆಚ್ಚಾಗಿ ಬರೀ ತಮಾಷೆ ನೋಡುವುದು. ಆಡಿದ ಮಾತಿಗೆ ಬದ್ಧ ಅನ್ನಲೂ ಇದೇ: ‘ಐ ಸ್ಟ್ಯಾಂಡ್ ಬೈ ವಾಟ್ ಐ ಸೆಡ್’. ನಮ್ಮ ‘ಬೆನ್ನಿಗೆ ನಿಲ್ಲು’ವಿನಲ್ಲಿ ಈ ಗೊಂದಲ ಇಲ್ಲ, ಅಲ್ವಾ?

ಕೊನೆಗೆ ಅವಳೇ ಒಂದು ವಾಕ್ಯ ಬರೆದಳು: ‘ಮೈ ಫಾದರ್ ಸ್ಟುಡ್ ಬೈ.’

‘ಮಿ’ ಮರೆತಳೋ, ಬೇಕಂತಲೇ ಬಿಟ್ಟಳೋ. ಕೇಳುವ ಧೈರ್ಯ ಬರಲಿಲ್ಲ.