ಮೂಗು ಭಾರವಿರುವ ಮಚ್ಚು

ಪಾಂಡವಪುರದ ಬಳಿ, ವಿಶ್ವೇಶ್ವರಯ್ಯ ನಾಲೆಯ ಮಗ್ಗುಲಲ್ಲಿ ನಮಗೆ ಇಪ್ಪತ್ತು ಗುಂಟೆ ಜಮೀನಿದೆ. ನಾಲ್ಕು ವರ್ಷ ಬೀಳುಬಿಟ್ಟಿದ್ದರಿಂದ ಬದುವಿನುದ್ದಕ್ಕೂ ಲಂಟಾನ ಹಬ್ಬಿತ್ತು. ಅದರೊಳಗೆ ಗೊಬ್ಬಳಿ ಗಿಡಗಳು ತೋಳಿನ ಗಾತ್ರಕ್ಕೆ ಬಲಿತಿದ್ದವು. ಕಳೆದ ಬೇಸಿಗೆಯಲ್ಲಿ ನಾನೇ ಸವರಲು ಇಳಿದೆ. ಕೈಯಲ್ಲಿದ್ದುದು ಮೈಸೂರಿನ ಅಂಗಡಿಯೊಂದರಲ್ಲಿ ಕೊಂಡ, ಕನ್ನಡಿಯಂತೆ ಹೊಳೆಯುವ ಉದ್ದನೆಯ ಕತ್ತಿ. ಬೀಸಿದರೆ ಲಂಟಾನದ ಎಳೆ ಕಡ್ಡಿಗಳು ಬಾಗಿ ಜಾರಿಕೊಂಡವು. ಗೊಬ್ಬಳಿಗೆ ಹಾಕಿದ ಮೂರನೆಯ ಏಟಿಗೆ ಕತ್ತಿಯ ಬಾಯಿ ತಗಡಿನಂತೆ ಒಂದು ಪಕ್ಕಕ್ಕೆ ಹೊರಳಿತು.

ಪಕ್ಕದ ಹೊಲದ ಹಿರಿಯರು ಅದನ್ನು ತಿರುಗಿಸಿ ನೋಡಿ, ಮರುಮಾತಾಡದೆ ನನ್ನನ್ನು ಕುಲುಮೆಗೆ ಕರೆದುಕೊಂಡು ಹೋದರು.

ಕಮ್ಮಾರರು ಬೆಲೆಯ ಮಾತೆತ್ತಲಿಲ್ಲ. "ಏನು ಕಡಿಯುತ್ತೀರಿ? ದಿನಕ್ಕೆ ಎಷ್ಟು ಹೊತ್ತು?" ಎಂದರು. ಹುಲ್ಲಿಗಾದರೆ ಕುಡುಗೋಲು ಸಾಕು, ತೊಡೆಗಾತ್ರದ ಮರಕ್ಕೆ ಕೊಡಲಿಯೇ ಆಗಬೇಕು, ನಡುವಿನದಕ್ಕೆಲ್ಲ ಮಚ್ಚು ಎಂಬುದು ಅವರ ಲೆಕ್ಕ. ಮಚ್ಚಿಗೆ ಲಾರಿಯ ಕಮಾನು ಪಟ್ಟಿಯನ್ನು, ಅಂದರೆ ಸ್ಪ್ರಿಂಗ್ ಉಕ್ಕನ್ನು ಬಿಟ್ಟು ಬೇರೇನನ್ನೂ ಅವರು ಮುಟ್ಟುವುದಿಲ್ಲ. ಅದರಲ್ಲಿ ಇಂಗಾಲ ಶೇಕಡಾ 0.6ರ ಆಸುಪಾಸಿನಲ್ಲಿರುತ್ತದೆ. ಕಿಟಕಿ ಸರಳಿನಂಥ ಮೆದು ಉಕ್ಕಿನಲ್ಲಿ 0.25ಕ್ಕಿಂತ ಕಡಿಮೆ, ಎಷ್ಟು ಕಾಯಿಸಿ ಅದ್ದಿದರೂ ಗಡುಸಾಗದು. ನನ್ನ ಹೊಳೆಯುವ ಕತ್ತಿಯ ಬಾಯಿಗೆ ಅರ ಉಜ್ಜಿದರು, ಮೆತ್ತಗೆ ಕಚ್ಚಿಕೊಂಡು ಪುಡಿ ಉದುರಿತು. ತಮ್ಮ ಮಚ್ಚಿಗೆ ಉಜ್ಜಿದರು, ಅರ ಕಿರ್ರೆಂದು ಜಾರಿತು. ಕತ್ತಿ ಕೊಳ್ಳುವವರೆಲ್ಲ ಹೊಳಪು ನೋಡುವ ಮೊದಲು ಈ ಸದ್ದನ್ನೊಮ್ಮೆ ಕೇಳಬೇಕು.

ನನ್ನ ಮಚ್ಚಿಗೆ ಹದ ಕೊಟ್ಟ ಆ ಐದು ನಿಮಿಷ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಲಗು ದಾಳಿಂಬೆ ಕಾಳಿನ ಕೆಂಪಿಗೆ ಬಂದಾಗ ಬಾಯಿಯನ್ನಷ್ಟೇ ಹಳೆಯ ಎಂಜಿನ್ ಎಣ್ಣೆಗೆ ಅದ್ದಿದರು. ಬೆನ್ನು ಕೆಂಪಗೇ ಇತ್ತು. ಮೇಲೆತ್ತಿ ಇಟ್ಟಿಗೆ ಚೂರಿನಿಂದ ಬಾಯಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಕಣ್ಣು ಕಿರಿದಾಗಿಸಿ ನಿಂತರು. ಬೆನ್ನಿನ ಬಿಸಿ ನಿಧಾನವಾಗಿ ಅಂಚಿನತ್ತ ಇಳಿಯತೊಡಗಿತು. ಮೊದಲು ಹೊಂಬಣ್ಣ, ಆಮೇಲೆ ಕಂದು, ಕೊನೆಗೆ ನೇರಳೆ ಹಣ್ಣಿನ ಬಣ್ಣ. ನೇರಳೆ ಅಂಚಿಗೆ ಮುಟ್ಟಿದ್ದೇ ತಡ, ಇಡೀ ಅಲಗನ್ನು ನೀರಿಗೆ ಹಾಕಿದರು. ಹೊಂಬಣ್ಣದಲ್ಲೇ ನಿಲ್ಲಿಸಿದರೆ ಗಂಟಿಗೆ ಬಡಿದಾಗ ಚಕ್ಕೆ ಹಾರುತ್ತದೆ, ನೀಲಿ ದಾಟಲು ಬಿಟ್ಟರೆ ಬಾಯಿ ನಿಲ್ಲುವುದಿಲ್ಲ ಎಂದರು.

ಮಚ್ಚಿನ ಮೂಗು ಮುಂದಕ್ಕೆ ಬಾಗಿದೆ. ಹಿಡಿಯ ಹತ್ತಿರ ಬೆರಳ ಮೇಲೆ ನಿಲ್ಲಿಸಿದರೆ ಮೂಗಿನ ಕಡೆಗೇ ವಾಲುತ್ತದೆ. ಈ ಭಾರ ಸುಮ್ಮನೆ ಬಂದದ್ದಲ್ಲ, ಏಟಿನ ಅರ್ಧ ಕೆಲಸವನ್ನು ಅದೇ ಮಾಡುತ್ತದೆ. ಕೊಕ್ಕೆ ಲಂಟಾನದ ಕಡ್ಡಿಗಳನ್ನು ಜಾರಗೊಡದೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಅಲಗಿನ ಬಾಲ ಹಿಡಿಯ ಕೊನೆಯವರೆಗೂ ಹಾದು, ತುದಿಯಲ್ಲಿ ಮಡಚಿಕೊಂಡಿದೆ. ಹಿಡಿಯ ಕೊನೆ ಉಬ್ಬಿರುವುದರಿಂದ ಬೆವರಿದ ಕೈಯಿಂದಲೂ ನುಣುಚುವುದಿಲ್ಲ. ಹಿಡಿ ಕೊಳ್ಳುವವನ ಮುಷ್ಟಿಗೆ ಹೊಂದಬೇಕು. ಅದಕ್ಕಾಗಿ ಅವರು ನನ್ನಿಂದ ಖಾಲಿ ಗಾಳಿಯಲ್ಲಿ ಹತ್ತು ಬಾರಿ ಬೀಸಿಸಿ, ಎರಡು ಸಲ ಮರ ಕೆತ್ತಿದರು.

ಮಾರನೆಯ ದಿನ ಬೆಳಗ್ಗೆ ಆರಕ್ಕೇ ಬದುವಿಗೆ ಹೋದೆ. ಲಂಟಾನವನ್ನು ಬುಡಕ್ಕೆ ಕಡಿದು ಬಿಟ್ಟರೆ ಒಂದು ಕಾಂಡವಿದ್ದಲ್ಲಿ ಹತ್ತು ಚಿಗುರು ಬರುತ್ತವೆ. ಹಾಗಾಗಿ ಹಿಡಿದೆಳೆಯುವಷ್ಟು ಮೋಟು ಉಳಿಸಿ ಮಚ್ಚಿನಿಂದ ಸವರಿದೆ. ಬೇರನ್ನು ಗುದ್ದಲಿಯಿಂದ ಮಣ್ಣಿನೊಳಗೇ ಕತ್ತರಿಸಿ, ಬುಡಮೇಲಾಗಿ ಬಿಸಿಲಿಗೆ ಒಣಹಾಕಿದೆ. ಮಚ್ಚನ್ನು ಮಣ್ಣಿಗೆ ತಾಗಿಸಲಿಲ್ಲ. ಒಂದು ಕಲ್ಲು ಸಿಕ್ಕರೂ ಸಾಕು, ಬಾಯಿ ಹೋಗುತ್ತದೆ. ತೋಳಿನ ಗಾತ್ರದ ಗೊಬ್ಬಳಿ ಓರೆಯಾದ ಆರೇಳು ಏಟಿಗೆ ಒರಗಿತು.

ಸಂಜೆ ನೋಡಿದರೆ ಗೊಬ್ಬಳಿಯ ಒಗರು ತಗುಲಿ ಅಲಗು ಮಸಿಯಂತೆ ಕಪ್ಪಾಗಿತ್ತು. ಬಾಯಿ ಮಾತ್ರ ನೆಟ್ಟಗಿತ್ತು. ಒರೆಸಿ, ಹರಳೆಣ್ಣೆ ಸವರಿ, ಮಕ್ಕಳ ಕೈಗೆ ಎಟುಕದಂತೆ ಅಟ್ಟದ ಮೇಲಿಟ್ಟೆ.